ಅಮಾಸಿಯ ತಾರೀಖು

ಡಿಸೆಂಬರ್ ೨೨, ಸೋಮವಾರ

ಕಾಲು ಹೇಗೆ ಮುರಿಯಿತೆಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಹೇಳಿದ್ದೇನೆ. ಡಾಕ್ಟರಿಗೆ ಎತ್ತು ಹಾಯಿತೆಂದೆ. ಎಕ್ಸರೇ ತೆಗೆಯುವವನಿಗೆ ಬಾವಿಗೆ ಬೀಳುತ್ತಿದ್ದ ಮುದುಕಿಯನ್ನು ಹಿಡಿಯಲು ಹೋದೆನೆಂದೆ, ಅವನು ಎದ್ದು ನಿಂತು ಕೈಮುಗಿದ. ಇದು ನನ್ನ ಸ್ವಂತದ ವಹಿ. ಇಲ್ಲಿ ಸುಳ್ಳು ಬರೆದು ಯಾರನ್ನು ನಗಿಸಲಿ? ಎಳ್ಳ ಅಮಾವಾಸ್ಯೆಗೆ ಮಸೂತಿ ಊರಿನ ಕುಸ್ತಿ ಗುರು ಸಿದ್ದಾರೂಢ ವಸ್ತಾದರ ಹೊಲಕ್ಕೆ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋಗಿದ್ದೆ. ಉಂಡು ಹೊರಳಿ ಬರುವಾಗ, ಟ್ರ್ಯಾಕ್ಟರು ನಿಲ್ಲುವ ಮೊದಲೇ ಟ್ರೇಲರಿನಿಂದ ಹಾರಿ ತೋರಿಸುತ್ತೇನೆ ಎಂದೆ. ಹಾರಿದೆ. ಅರವತ್ತರ ಗಂಡಸು ಅಷ್ಟು ದೂರ ಹಾರಿದ್ದನ್ನು ಅಲ್ಲಿದ್ದ ಯಾರೂ ಜನ್ಮದಲ್ಲಿ ಕಂಡಿರಲಿಲ್ಲ. ಇಳಿದದ್ದು ಮಾತ್ರ ಸರಿಹೋಗಲಿಲ್ಲ.

ಸಾಲೋಟಗಿಯ ಮನೆಗೆ ಬೀಗ. ನಮ್ಮಾಕಿ ಮಗಳ ಬಾಣಂತನಕ್ಕೆಂದು ಬಸವನ ಬಾಗೇವಾಡಿಗೆ ಹೋಗಿದ್ದಾಳೆ. ಹೀಗಾಗಿ ನನ್ನನ್ನು ಇಂಡಿಗೆ, ತೀರಿಹೋದ ನಮ್ಮಣ್ಣನ ಮನೆಗೆ ತಂದು ಹಾಕಿದರು. ಇಲ್ಲಿ ಅಣ್ಣನ ಹೆಂಡತಿ ರಾಮವ್ವ ವೈನಿಯ ಕಾರಭಾರ. ಕೆಳಗಿನ ಪಡಸಾಲೆಯಲ್ಲಿ ಅಣ್ಣನ ಮಗಳು ಸುನೀತಾ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತಾಳೆ. ಅಲ್ಲಿದ್ದರೆ ನಾನು ಬಂದವರನ್ನೆಲ್ಲ ಮಾತಿಗೆ ಎಳೆಯುತ್ತೇನೆಂದು, ಕುರ್ಚಿ ಸಮೇತ ಹೊತ್ತು ಮಾಳಿಗೆಯ ಖೋಲಿಗೆ ಏರಿಸಿಬಿಟ್ಟರು. ಪಾವಟಿಗೆ ಎಷ್ಟು ಇಕ್ಕಟ್ಟೆಂದರೆ ನನ್ನ ಪ್ಲಾಸ್ಟರಿನ ಕಾಲು ಗೋಡೆಗೆ ಗೀರುತ್ತ ಬಂತು.

ಪ್ಲಾಸ್ಟರ್ ಬಿಚ್ಚುವ ತನಕ ಕೆಳಗಿಳಿಸುವ ಮಾತಿಲ್ಲ ಎಂದು ವೈನಿ ಹೇಳಿದ್ದಾಳೆ. ಇರುವುದು ಒಂದು ಕಿಟಕಿ. ಅದರೆದುರಿಗೆ ಪಕ್ಕದ ಮನೆಯವರ ಗೋಡೆ. ಗೋಡೆಗೆ ಗಿಲಾಯಿ ಕೂಡ ಮಾಡಿಸಿಲ್ಲ, ಬರೀ ಇಟ್ಟಂಗಿ.

ಡಿಸೆಂಬರ್ ೨೫, ಗುರುವಾರ

ಸುನೀತಾ ತನ್ನ ಜೊತೆಗಾರ್ತಿ ನಿಷತಳನ್ನು ಕರಕೊಂಡು ಮೇಲೆ ಬಂದಿದ್ದಳು. ಇಬ್ಬರ ಮುಖವೂ ಏನನ್ನೋ ಕೇಳಲು ಬಂದವರ ಮುಖ. ನಾನು ಕಾಲು ನೋಯುತ್ತದೆ ಎಂದು ಮೊದಲೇ ನರಳಿಬಿಟ್ಟೆ.

ಸಂಗತಿ ಇಷ್ಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ಕಡೆಯ ಕುಸ್ತಿ ಹುಚ್ಚರದ್ದೊಂದು ತಾಲೀಮು ಬಳಗವಿದೆ. ನಮ್ಮ ಸಿದ್ದಾರೂಢ ವಸ್ತಾದರೇ ಅಧ್ಯಕ್ಷರು. ಅವರು ಹಳೆಯ ಪೈಲ್ವಾನರ ಚಿತ್ರವಿರುವ ಕಾರ್ಡು ಮಾಡಿಸಿದ್ದಾರೆ. ಒಬ್ಬ ಪೈಲ್ವಾನನಿಗೆ ಒಂದೇ ಕಾರ್ಡು, ಎರಡನೆಯದನ್ನು ಛಾಪಿಸುವುದಿಲ್ಲ. ಮೊಮ್ಮಕ್ಕಳಿರುವ ಗಂಡಸರು ಅವನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರೆ, ಒಬ್ಬರದನ್ನು ಒಬ್ಬರಿಗೆ ಬದಲಿ ಕೊಡುತ್ತಾರೆ, ಕೊಟ್ಟ ಮೇಲೆ ಉಣ್ಣದೆ ಮಲಗುತ್ತಾರೆ. ಯಾರು ಯಾರಿಗೆ ಯಾವ ಕಾರ್ಡನ್ನು ಯಾವತ್ತು ಕೊಟ್ಟರೆಂಬುದನ್ನು ಕೊಟ್ಟವನು ಫೋನಿನಲ್ಲಿ ದಾಖಲು ಮಾಡಬೇಕು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಲು ಈ ಹುಡುಗಿಯರಿಬ್ಬರೂ ಒಂದು ಸಾಫ್ಟ್‌ವೇರ್ ಮಾಡಿದ್ದಾರೆ. ಬಳಗ ಒಪ್ಪಿದರೆ ಇವರ ಕೆಲಸಕ್ಕೆ ಒಂದು ನೆಲೆಯಾಗುತ್ತದೆ. ಇಲ್ಲದಿದ್ದರೆ ನಿಷತ ಮತ್ತೆ ಯಾರದೋ ಅಂಗಡಿಯಲ್ಲಿ ಝೆರಾಕ್ಸ್ ತೆಗೆಯಲು ಹೋಗಬೇಕು.

ಅದನ್ನು ಬಳಸುವುದು ಹೇಗೆಂದು ಒಂದು ಕೈಪಿಡಿ ಬೇಕಂತೆ. ನಿಷತ ಬರೆದದ್ದನ್ನು ವಸ್ತಾದರು ಓದಿ, ತಹಶೀಲ್ದಾರರ ನೋಟಿಸು ಇದ್ದಂತಿದೆ ಎಂದು ಹೊರಳಿಸಿ ಕಳಿಸಿದರಂತೆ.

"ಕಾಕಾ, ನೀನ ಬರಿ. ನಿನಗ ತಿಳಿಯೂ ಹಂಗ ಬರಿ. ನಿನಗ ತಿಳೀತು ಅಂದ್ರ ಯಾರಿಗೆ ಬೇಕಾದ್ರೂ ತಿಳಿತೈತಿ" ಎಂದಳು ಸುನೀತಾ.

ಇದು ಹೊಗಳಿಕೆಯೋ ಬೈಗುಳವೋ ಎಂದು ಅವರು ಕೆಳಗಿಳಿದ ಮೇಲೆ ವಿಚಾರ ಮಾಡಿದೆ. ಹೊಗಳಿಕೆ ಎಂದು ತೀರ್ಮಾನಿಸಿದ್ದೇನೆ. ಸಾಲೋಟಗಿ ಸಾಲಿಯಲ್ಲಿ ಮುಲ್ಕಿ, ಅಂದರೆ ಏಳನೇ ಇಯತ್ತೆ, ಪಾಸಾದವನು ನಾನು. ನಮ್ಮ ಕಾಲದ ಮುಲ್ಕಿ ಎಂದರೆ ಈಗಿನ ಎರಡು ಡಿಗ್ರಿಗೆ ಸಮ. ಊರಲ್ಲಿ ಅರ್ಜಿ ಬರೆಯಿಸಲು ಜನ ನನ್ನ ಕಟ್ಟೆಗೆ ಬರುತ್ತಿದ್ದರು. ನಾನು ಬರೆದ ಒಂದು ಅರ್ಜಿ ಓದಿ ಸಾಹೇಬರು ಕಣ್ಣೀರು ಹಾಕಿದ್ದುಂಟು. (ಅವರಿಗೆ ಕಣ್ಣುಬೇನೆ ಇತ್ತು, ಆದರೂ.)

ಡಿಸೆಂಬರ್ ೨೮, ಭಾನುವಾರ

ಫೋನಿನಲ್ಲಿ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಾರೆ. ಕೊಟ್ಟವರು, ತಗೊಂಡವರು, ಕಾರ್ಡಿನ ಹೆಸರು, ತಾರೀಖು. ಕೆಳಗೆ 'ದುರಸ್ತಿ' ಎಂಬ ಗುಂಡಿ. ಒತ್ತಿದರೆ ಬರೆದದ್ದು ತೆರೆದುಕೊಳ್ಳುತ್ತದೆ, ತಿದ್ದಿ ಮುಚ್ಚಿಬಿಡುವುದು. ಇದಕ್ಕೆ ಪುಸ್ತಕವೇ ಬೇಕೇ ಎಂದು ಕೇಳಿದೆ.

ನಿಷತ ಸುಮ್ಮನೆ ನನ್ನ ಕೈಗೆ ಫೋನು ಕೊಟ್ಟು, ಹಲಸಂಗಿ ಹುಲಿಯ ಕಾರ್ಡನ್ನು ತಿದ್ದಿ ತೋರಿಸಲು ಹೇಳಿದಳು. ಹಲಸಂಗಿ ಹುಲಿ ಎಂದರೆ ವಸ್ತಾದರ ಗುರು. ಆ ಕಾರ್ಡೇ ಬಳಗದ ಕಿರೀಟ. ಒತ್ತಿದೆ, ಕಾರ್ಡು ಮಾಯವಾಯಿತು. ಇನ್ನೊಂದು ಸಲ ಒತ್ತಿದೆ, ಬೇರೆ ಯಾರದೋ ಹೆಸರು ಬಂತು. ಇದು ಅಭ್ಯಾಸದ ಪ್ರತಿ, ಹೆದರಬೇಡಿ ಎಂದಳು. ನಾನು ಹೆದರಿರಲಿಲ್ಲ. ಬೆವರಿದ್ದು ಹೊದಿಕೆಯಿಂದ.

ಮೊದಲ ಪುಟ ಬರೆದೆ: 'ಮೊದಲು ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳಿರಿ. ಸುಣ್ಣ ಹತ್ತಿದ ಬೆರಳಿಗೆ ಫೋನು ಮಾತು ಕೇಳುವುದಿಲ್ಲ.' ನಿಷತ ಓದಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಸಾಫ್ಟ್‌ವೇರ್ ಏನು ಮಾಡುತ್ತದೋ ಅಷ್ಟನ್ನೇ ಬರೆಯಬೇಕು, ಪುಟ ಪುಟವನ್ನೂ ಮೊದಲು ತಮಗೆ ತೋರಿಸಬೇಕು ಎಂದೂ ಹೇಳಿದಳು. ಆಗಲವ್ವಾ ಎಂದೆ. ಅಡುಗೆ ಮಾಡುವವನಿಗೆ ಉಪ್ಪೆಷ್ಟು ಎಂದು ಹೇಳಿಕೊಡುವ ಹುಡುಗಿ.

ಜನವರಿ ೨, ಶುಕ್ರವಾರ

ವಸ್ತಾದರ ಫೋನು ಬಂದಿತ್ತು. ದನಿ ಸಣ್ಣದು ಮಾಡಿಕೊಂಡು ಮಾತಾಡಿದರು.

ಎಳ್ಳ ಅಮಾವಾಸ್ಯೆಯ ದಿನ ಅವರ ಹೊಲಕ್ಕೆ ಮುದ್ದೇಬಿಹಾಳದ ಇಸಾಕನೂ ಬಂದಿದ್ದ. ಇಸಾಕನದು ಲಗ್ನಪತ್ರಿಕೆ ಛಾಪಿಸುವ ಅಂಗಡಿ. ಬಳಗದಲ್ಲಿ ಅವನಷ್ಟು ಹಳಬ ಯಾರೂ ಇಲ್ಲ, ನಮ್ಮ ನಿಷತಳಿಗೆ ತಾಯಿಯ ಅಣ್ಣ ಬೇರೆ. ಅವನು ಎರಡು ಅಪರೂಪದ ಕಾರ್ಡು ತಂದು ತೋರಿಸಿದ್ದೇ ತಡ, ವಸ್ತಾದರಿಗೆ ತಡಕೊಳ್ಳಲಾಗಲಿಲ್ಲ. ಸಜ್ಜಿ ರೊಟ್ಟಿಯ ಬುಟ್ಟಿ ಬದಿಗೆ ಸರಿಸಿ ಹಲಸಂಗಿ ಹುಲಿಯನ್ನೇ ತೆಗೆದು ಅವನ ಕೈಗಿಟ್ಟರು. ನಾನು ಅಲ್ಲೇ ಹಿಂಡಿಪಲ್ಲೆ ಬಡಿಸಿಕೊಳ್ಳುತ್ತಿದ್ದೆ, ಕಣ್ಣಾರೆ ಕಂಡಿದ್ದೇನೆ.

ಈಗ ವಸ್ತಾದರಿಗೆ ಚಿಂತೆ. ಅವರ ಮನೆಯಲ್ಲಿ ಅಮಾವಾಸ್ಯೆಯ ದಿನ ಮನೆಯದೊಂದು ವಸ್ತುವನ್ನು ಹೊರಗೆ ಕೊಡುವಂತಿಲ್ಲ. ನಮ್ಮ ಮನೆಯಲ್ಲೂ ಇದೇ ರೂಢಿ. ಮಜ್ಜಿಗೆ ಕೇಳಿ ಬಂದವರಿಗೂ ನಾಳೆ ಬಾ ಎನ್ನುತ್ತೇವೆ. ಅವರ ಸೊಸೆ ಬಸುರಿ. ಗುರುವಿನ ಚಿತ್ರವನ್ನು ಅಮಾವಾಸ್ಯೆಗೆ ಕೈಬಿಟ್ಟರೆಂದು ಹೆಂಡತಿಗೆ ಗೊತ್ತಾದರೆ ಮನೆ ಹೊತ್ತಿಕೊಳ್ಳುತ್ತದೆ. ದಾಖಲೆಯಲ್ಲಿ ಹತ್ತೊಂಬತ್ತನೇ ತಾರೀಖು ಎಂದು ಎದ್ದು ಕಾಣುವಂತಿದೆ.

"ಅದಕ್ಯಾಕ ಚಿಂತಿ ಮಾಡ್ತೀರಿ ವಸ್ತಾದ್ರ? ದುರಸ್ತಿ ಅಂತ ಗುಂಡಿ ಐತಲ್ರಿ. ಒತ್ತರಿ, ಇಪ್ಪತ್ತು ಅಂತ ಹಾಕ್ರಿ" ಎಂದೆ.

ಆ ಕಡೆಯಿಂದ ಬಂದ ಉಸಿರಿನ ಸಪ್ಪಳ ಕೇಳಿದರೆ ಬೆನ್ನ ಮೇಲಿನ ಮೂಟೆ ಇಳಿಸಿದವರ ಹಾಗಿತ್ತು. ಫೋನಿಟ್ಟ ಮೇಲೆ ಹೊಳೆಯಿತು, ಇದು ಎಷ್ಟು ಜನರ ತೊಂದರೆಯೋ. ಎಳ್ಳ ಅಮಾವಾಸ್ಯೆಗೆ ಎಲ್ಲ ಹೊಲಗಳಲ್ಲೂ ಬೀಗರು ಗೆಳೆಯರು ಸೇರಿರುತ್ತಾರೆ, ಕಾರ್ಡು ಬದಲಿಯಾಗಿರುತ್ತವೆ. ಕೂಡಲೇ ಒಂದು ಪುಟ ಬರೆದೆ: 'ಅಮಾವಾಸ್ಯೆಯ ದಿನ ಕೊಟ್ಟದ್ದಕ್ಕೆ ಮರುದಿನದ ತಾರೀಖು ಹಾಕಿರಿ. ಮನೆಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು.' ಅಕ್ಷರ ಮುತ್ತಿನಂತೆ ಬಿದ್ದವು. ಹುಡುಗಿಯರಿಗೆ ತೋರಿಸಲು ಕರೆದರೆ ಊಟದ ಹೊತ್ತು. ತಡವೇಕೆಂದು ಫೋಟೊ ತೆಗೆದು ನಾನೇ ಬಳಗದ ವಾಟ್ಸಾಪಿಗೆ ಹಾಕಿದೆ.

ಜನವರಿ ೪, ಭಾನುವಾರ

ಹೊಗಳಿಕೆಯ ಸುರಿಮಳೆ. ಸಿಂದಗಿಯವನೊಬ್ಬ, ಇಂಥ ಪುಸ್ತಕ ಬರೆಯುವವನು ದಿಲ್ಲಿಯಲ್ಲಿರಬೇಕು ಎಂದು ಧ್ವನಿಸಂದೇಶ ಕಳಿಸಿದ್ದಾನೆ. ವೈನಿಗೆ ಕೇಳಿಸಿದೆ. ದಿಲ್ಲಿಗೆ ಕಳಿಸಿದ್ದರೆ ನಿನ್ನನ್ನು ಮೇಲೆ ಹೊರುವ ಕಷ್ಟವಾದರೂ ತಪ್ಪುತ್ತಿತ್ತು ಎಂದಳು.

ಫೆಬ್ರುವರಿ ಒಂದನೇ ತಾರೀಖು, ಭಾರತ ಹುಣ್ಣಿಮೆಗೆ, ಸಿಂದಗಿಯಲ್ಲಿ ಬಳಗದ ಸಭೆ. ಅಲ್ಲಿ ನನಗೆ ಶಾಲು.

ಜನವರಿ ೧೦, ಶನಿವಾರ

ಬಳಗದಲ್ಲಿ ಗದ್ದಲ ಎದ್ದಿದೆ. ಸಾಫ್ಟ್‌ವೇರಿನಲ್ಲಿ ಇಸಾಕನ ಹೆಸರಿನ ಮುಂದೆ, ತಾರೀಖು ತಾಳೆಯಾಗದಿದ್ದಾಗ ಬೀಳುವ ಕೆಂಪು ಗುರುತು ಬಂದಿದೆಯಂತೆ. ಹಲಸಂಗಿ ಹುಲಿ ಅವನ ಕೈಗೆ ಬಂದದ್ದು ಡಿಸೆಂಬರ್ ಇಪ್ಪತ್ತಕ್ಕೆ. ಆದರೆ ಅವನು ಅದನ್ನು ಮುದ್ದೇಬಿಹಾಳದ ಶಕೀಲನಿಗೆ ಕೊಟ್ಟದ್ದು ಹತ್ತೊಂಬತ್ತಕ್ಕೆ. ಕೈಗೆ ಬರುವ ಮೊದಲೇ ಕೊಟ್ಟದ್ದಾದರೂ ಏನನ್ನು? ಅವನಲ್ಲಿ ಛಾಪಿಸುವ ಯಂತ್ರವಿದೆ, ತನ್ನದೇ ಒಂದು ಪ್ರತಿ ಮಾಡಿ ಕೊಟ್ಟಿದ್ದಾನೆ ಎಂದು ಒಬ್ಬ ಬರೆದ, ಹೌದೆಂದು ಹತ್ತು ಮಂದಿ ಬರೆದರು. ಇನ್ನೂ ಮೂರು ನಾಲ್ಕು ಹೆಸರಿಗೆ ಕೆಂಪು ಬಿದ್ದಿದೆ. ಎಲ್ಲವೂ ಅವರ ಪೈಕಿಯದೇ ಹೆಸರು ಎಂದು ಯಾರೋ ಬರೆದು, ಆಮೇಲೆ ಅಳಿಸಿದ್ದಾರೆ.

ನಾನೂ ಒಂದು ಸಾಲು ಹಾಕಿದೆ. ಯಂತ್ರ ಇದ್ದವರ ಕೈ ಕಡಿಯುತ್ತಲೇ ಇರುತ್ತದೆ ಎಂದು. ಬಹಳ ಮಂದಿ ನಕ್ಕರು.

ಸಭೆಯಲ್ಲಿ ಅವನನ್ನು ಬಳಗದಿಂದ ತೆಗೆಯುವ ಮಾತು ನಡೆದಿದೆ.

ಜನವರಿ ೧೩, ಮಂಗಳವಾರ

ನಿಷತ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ. ಸುನೀತಾ ಚಹಾ ತಂದಿಟ್ಟು ಇಳಿದುಬಿಟ್ಟಳು. ಕೈಪಿಡಿಯ ಮುಂದಿನ ಪುಟ ಓದಿ ಹೇಳಲೇ ಎಂದು ಕೇಳಿದರೂ ನಿಲ್ಲಲಿಲ್ಲ.

ಗೋಡೆ ನೋಡಿದೆ. ಒಂದು ಇಟ್ಟಂಗಿ ಸೊಟ್ಟ ಕೂತಿದೆ. ಕಟ್ಟಿದವನಿಗೆ ಕಂಡಿರಲಿಲ್ಲವೋ ಏನೋ.

ಜನವರಿ ೧೫, ಗುರುವಾರ. ಸಂಕ್ರಮಣ

ಕುಸುರೆಳ್ಳಿನ ತಟ್ಟೆ ಹಿಡಿದು ನಿಷತ ಬಂದಳು. ವೈನಿ ಕಳಿಸಿದಳೆಂದಳು. ತಟ್ಟೆ ಇಟ್ಟು ಹೋಗಲಿಲ್ಲ, ಕಿಟಕಿಯ ಹತ್ತಿರ ನೆಲದ ಮೇಲೆ ಕೂತಳು.

"ಕಾಕಾ, ವಸ್ತಾದ್ರು ನಮ್ಮ ಮಾಮುಗ ಕಾರ್ಡು ಕೊಟ್ಟಾಗ ನೀವು ಅಲ್ಲೇ ಇದ್ರಂತಲ್ಲ?"

"ಇದ್ದೆ. ನನ್ನ ಕಣ್ಣ ಮುಂದ ಕೊಟ್ರು."

"ಅಮಾಸಿ ದಿನ?"

"ಅಮಾಸಿ ದಿನ."

"ಮತ್ತ ಇಪ್ಪತ್ತು ಅಂತ ಯಾಕ ಐತ್ರಿ?"

ನಾನು ನಕ್ಕೆ. ಅಷ್ಟು ಕಲಿತ ಹುಡುಗಿಗೆ ಇದು ತಿಳಿಯದೇ ಎನಿಸಿತು. ಅಮಾಸಿ ದಿನ ಕೊಟ್ಟದ್ದನ್ನು ಹಂಗ ಬರಿತಾರೇನ ಹುಚ್ಚಿ, ಮರುದಿನದ ತಾರೀಖು ಹಾಕಬೇಕು, ಕೈಪಿಡಿಯಲ್ಲಿ ಚೆಂದ ಮಾಡಿ ಬರೆದಿದ್ದೇನಲ್ಲ ಎಂದೆ.

ಅವಳು ನನ್ನನ್ನೇ ನೋಡಿದಳು. ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ.

"ಮಾಮುಗ ಅಮಾಸಿ ಯಾವತ್ತ ಅಂತನೂ ಗೊತ್ತಿರಂಗಿಲ್ರಿ ಕಾಕಾ. ಊಟಕ್ಕ ಕರದ್ರು, ಹೋದ್ರು. ಕಾರ್ಡು ತಗೊಂಡ್ರು, ಸಂಜೀಕ ಊರಿಗೆ ಬಂದು ಶಕೀಲಗ ಕೊಟ್ರು. ಅವತ್ತ ಕೊಟ್ಟಿದ್ದಕ್ಕ ಅವತ್ತಿಂದ ತಾರೀಖು ಹಾಕಿದ್ರು."

ಅಷ್ಟು ಹೇಳಿ ಎದ್ದು ಹೋದಳು. ಕುಸುರೆಳ್ಳು ಅಲ್ಲೇ ಇದೆ.

ಬಂದದ್ದು ಮುಂದೆ ಹೋಯಿತು, ಕೊಟ್ಟದ್ದು ಅಲ್ಲೇ ಉಳಿಯಿತು. ಹೀಗಾಗಿ ಕೆಂಪು. ಒಬ್ಬ ಬರೆದ ಪುಟದಿಂದ ಹೀಗೆಲ್ಲ ಆಗುತ್ತದೆಂದು ಯಾರಿಗೆ ತಾನೆ ಹೊಳೆಯಬೇಕು? ಆ ಸಾಫ್ಟ್‌ವೇರ್ ಮಾಡಿದವರು ಇದನ್ನು ಮೊದಲೇ ವಿಚಾರ ಮಾಡಬೇಕಿತ್ತು. ಇಸಾಕನೂ ಕೇಳಬಹುದಿತ್ತು. ಹೊಲದಲ್ಲಿ ಅಷ್ಟು ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ದ, ಬಾಯಿ ಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ. ಏನೆಂದು ಕೇಳಬೇಕಿತ್ತು ಎಂಬುದು ಮಾತ್ರ ನನಗೂ ಹೊಳೆಯುತ್ತಿಲ್ಲ.

ಜನವರಿ ೧೬, ಶುಕ್ರವಾರ

ಪ್ಲಾಸ್ಟರಿನ ಒಳಗೆ ತುರಿಕೆ. ಕಡ್ಡಿ ಹಾಕಿದರೂ ಮುಟ್ಟುವುದಿಲ್ಲ.

ಜನವರಿ ೧೮, ಭಾನುವಾರ. ಅಮಾವಾಸ್ಯೆ

ವಸ್ತಾದರಿಗೆ ಫೋನು ಹಚ್ಚಿದೆ. ತಾರೀಖು ಮೊದಲಿನಂತೆ ಮಾಡಿಬಿಡಿರಿ, ನನ್ನ ಪುಟ ತಪ್ಪಿತ್ತು ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಕಾಲು ಮುರಿದರೂ ನಿನ್ನ ಚಾಷ್ಟಿ ಮುರಿಯಲಿಲ್ಲ ಧರೆಪ್ಪಾ ಎಂದರು. ಚಾಷ್ಟಿ ಅಲ್ಲರಿ ಎಂದು ಮತ್ತೊಮ್ಮೆ ಹೇಳಿದ ಮೇಲೆ ದನಿ ಬದಲಾಯಿತು.

"ನಾ ಕೊಟ್ಟಿದ್ದು ಇಪ್ಪತ್ತಕ್ಕ."

"ರೀ ವಸ್ತಾದ್ರ, ರೊಟ್ಟಿ ಬುಟ್ಟಿ ಬಾಜೂಕ ನಾ ಕುಂತಿದ್ದೆ."

"ಬರದೈತಲ್ಲೋ ತಮ್ಮಾ. ಬರದಿದ್ದು ಇಪ್ಪತ್ತು. ಬರೀ ಅಂದಾಂವ ನೀನ."

ಜನವರಿ ೨೧, ಬುಧವಾರ

ಬಳಗದ ಬೇರೆಯವರಿಗೂ ಹೇಳಿ ನೋಡಿದೆ. ಇಸಾಕ ಕಳ್ಳನಲ್ಲ, ನನ್ನ ಪುಟದಿಂದ ಹೀಗಾಯಿತು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಒಬ್ಬ, ಕಾಕಾ ನಿಮ್ಮ ಮನಸ್ಸು ದೊಡ್ಡದು, ಇನ್ನೊಬ್ಬರ ತಪ್ಪು ಮೈಮೇಲೆ ಹಾಕಿಕೊಳ್ಳುತ್ತೀರಿ ಎಂದ. ಇನ್ನೊಬ್ಬ, ಹೋದ ವರ್ಷ ನೀವು ಚಿರತೆಯನ್ನು ಛತ್ರಿಯಿಂದ ಓಡಿಸಿದ್ದಿರಲ್ಲ, ಅದನ್ನು ಇನ್ನೊಮ್ಮೆ ಹೇಳಿರಿ, ನಮ್ಮ ಅತ್ತೆ ಬಂದಿದ್ದಾರೆ, ಸ್ಪೀಕರ್ ಹಾಕುತ್ತೇನೆ ಎಂದ. ಹೇಳಿದೆ. ಅತ್ತೆಯವರು ಬಹಳ ನಕ್ಕರು. ಫೋನಿಟ್ಟ ಮೇಲೆ ನೆನಪಾಯಿತು, ನಾನು ಫೋನು ಮಾಡಿದ್ದು ಅದಕ್ಕಲ್ಲ.

ನಲವತ್ತು ವರ್ಷ ಎಲ್ಲಿ ಕೂತರೂ ಸುತ್ತ ಹತ್ತು ಜನ ಸೇರುವಂತೆ ಮಾತಾಡಿದವನು ನಾನು. ಈಗ ಒಂದು ಖರೆ ಮಾತು ಒಬ್ಬನ ಕಿವಿಗೂ ಇಳಿಯುತ್ತಿಲ್ಲ. ಬಾಗಿಲಿಗೆ ಚಿಲಕವಿಲ್ಲ, ಕಿಟಕಿಗೆ ಸರಳಿಲ್ಲ, ಆದರೂ ಈ ಖೋಲಿ ಇವತ್ತು ಬಹಳ ಸಣ್ಣದೆನಿಸಿತು.

ಜನವರಿ ೨೪, ಶನಿವಾರ

ಇಸಾಕನಿಗೆ ಫೋನು ಹಚ್ಚಲು ಮೂರು ದಿನ ಹಿಡಿಯಿತು. ಹಚ್ಚಿದರೆ ಎತ್ತಿದ.

ಲಗ್ನದ ಹಂಗಾಮು, ಅಂಗಡಿಯಲ್ಲಿ ಯಂತ್ರ ನಿಂತಿದೆ ಎಂದ. ಪತ್ರಿಕೆಗೆ ಹೇಳಿ ಹೋದವರು ಬಂದು, ಬೇರೆ ಕಡೆ ಮಾಡಿಸುತ್ತೇವೆ ಎಂದು ಮಾದರಿ ಹೊರಳಿ ಒಯ್ದರಂತೆ. ಇವನು ನಮ್ಮ ಪತ್ರಿಕೆಯನ್ನೂ ಎರಡು ಥರ ಛಾಪಿಸುತ್ತಾನೋ ಏನೋ ಎಂದು ಒಬ್ಬರು ಅಂಗಡಿಯ ಮುಂದೆಯೇ ಅಂದರಂತೆ. ಇವನ್ನೆಲ್ಲ ಮಳೆ ಆಯಿತು ಬಿಸಿಲು ಆಯಿತು ಎನ್ನುವವರ ಹಾಗೆ ಹೇಳಿದ.

ನಾನು ಪುಟದ ಸಂಗತಿ ಹೇಳಿದೆ. ಇಸಾಕ ನಗಲಿಲ್ಲ. ನನ್ನ ಮಾತು ನಂಬಿದ ಮೊದಲ ಮನುಷ್ಯ ಅವನೇ.

"ಯಂತ್ರ ಇದ್ದವರ ಕೈ ಕಡೀತೈತಿ ಅಂತ ಬರದಿದ್ದಿ ನೋಡು. ಅದನ್ನ ನಮ್ಮ ಮನ್ಯಾಗ ಸಣ್ಣವ್ರೂ ಓದಿದ್ರು" ಎಂದ.

ಫೋನು ಇಟ್ಟುಬಿಟ್ಟ. ವೈನಿ ಊಟಕ್ಕೆ ತಂದ ರೊಟ್ಟಿ ಹಾಗೆಯೇ ಕೆಳಗೆ ಹೋಯಿತು. ಜೋಳ ಹಳತಾಗಿದೆ, ವೈನಿಗೆ ಹೇಳಬೇಕು.

ಜನವರಿ ೨೯, ಗುರುವಾರ

ನನ್ನ ಬಾಯಿ ನಂಬದವರು ನನ್ನ ಪುಟ ನಂಬುತ್ತಾರೆ. ಇದನ್ನು ಸುನೀತಾ ಹೇಳಿದಳು. ನನಗೂ ಹೊಳೆದಿತ್ತು, ಅವಳು ಮೊದಲು ಹೇಳಿದಳು ಅಷ್ಟೆ.

ಸೋಮವಾರ ಮೂವರೂ ಕೂತು ಹೊಸ ಪುಟ ಮಾಡಿದೆವು. ಕಾರ್ಡು ಯಾವ ದಿನ ಕೈಬಿಟ್ಟಿತೋ ಅದೇ ದಿನದ ತಾರೀಖು ಇರಬೇಕು. ಬದಲಿಸಿದವರು ದುರಸ್ತಿ ಒತ್ತಿ ಮೊದಲಿನಂತೆ ಮಾಡಿರಿ. ಹಿಂದಿನ ಪುಟ ತಪ್ಪು. ಧೋತರ, ಸುಣ್ಣ, ಮುತ್ತು ರತ್ನ ಯಾವುದೂ ಇಲ್ಲ. ನಿಷತ ಎರಡು ಕಡೆ ತಿದ್ದಿದಳು, ನಾನು ಸುಮ್ಮನಿದ್ದೆ. ಕಾಲು ನೋಯುತ್ತಿದ್ದಾಗ ವಾದಿಸಲು ಹುರುಪು ಬರುವುದಿಲ್ಲ.

ಹಾಕಿದ ಮರುದಿನದಿಂದ ಜನ ತಿದ್ದತೊಡಗಿದರು. ಕೆಂಪು ಗುರುತು ಒಂದೊಂದಾಗಿ ಹೋದವು. ಹೋಗದೆ ಉಳಿದದ್ದು ಒಂದೇ, ವಸ್ತಾದರು ತಿದ್ದಲಿಲ್ಲ. ಕೊಟ್ಟವನೇ ತಿದ್ದಬೇಕು, ಬೇರೆಯವರಿಗೆ ಬರುವುದಿಲ್ಲ.

ಈಗ ಬಳಗದವರು ಹೇಳುವುದು ಇನ್ನೊಂದು. ಎಲ್ಲರದೂ ಸರಿಹೋಯಿತು, ಇಸಾಕನದು ಮಾತ್ರ ಉಳಿಯಿತು, ಅಂದರೆ ಅವನದು ಖರೆಯೇ ಕಳ್ಳತನ. ಮೊದಲು ನಾಲ್ಕು ಜನರೊಳಗೆ ನಿಂತಿದ್ದ. ನಾನು ಅವನನ್ನು ಒಬ್ಬನನ್ನೇ ನಿಲ್ಲಿಸಿದೆ.

ಫೆಬ್ರುವರಿ ೨, ಸೋಮವಾರ

ನಿನ್ನೆ ಸಿಂದಗಿಗೆ ಹೋಗಿ ಬಂದೆ. ಕಾಲಿನ ಸಲುವಾಗಿ ವೈನಿ ಬೇಡವೆಂದಳು. ಶಾಲಿನ ಆಸೆಗೆ ಹೋಗುತ್ತೀಯಾ ಎಂದಳು. ಹೌದೆಂದೆ. ಏರಿಸಿದವರೇ ಬಂದು ಇಳಿಸಿ ಟೆಂಪೊದಲ್ಲಿ ಹಾಸಿಗೆ ಹಾಕಿ ಒಯ್ದರು. ಹುಡುಗಿಯರಿಬ್ಬರೂ ಲ್ಯಾಪ್‌ಟಾಪ್ ಹಿಡಿದು ನನ್ನ ಕಾಲಿನ ಬದಿಗೆ ಕೂತಿದ್ದರು.

ತಾಲೀಮಿನ ಕೆಂಪು ಮಣ್ಣಿನ ಸುತ್ತ ಜಮಖಾನೆ ಹಾಸಿದ್ದರು. ಇಸಾಕ ಬಾಗಿಲ ಹತ್ತಿರ ಕೂತಿದ್ದ. ಅವನ ಎರಡೂ ಬದಿಗೆ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಮೊದಲು ನನಗೆ ಶಾಲು ಹೊದಿಸಿದರು, ಫೋಟೊ ಹೊಡೆದರು. ಆಮೇಲೆ ಇಸಾಕನ ವಿಷಯ ಬಂತು.

ನಾನು ದಾರಿಯಲ್ಲಿ ಒಂದು ಯುಕ್ತಿ ಹೂಡಿಕೊಂಡಿದ್ದೆ. ವಸ್ತಾದರು ಹದಿನೆಂಟಕ್ಕೇ ಕಾರ್ಡನ್ನು ನನಗೆ ಕೊಟ್ಟರೆಂದೂ ನಾನು ಹತ್ತೊಂಬತ್ತಕ್ಕೆ ಇಸಾಕನಿಗೆ ಕೊಟ್ಟೆನೆಂದೂ ದಾಖಲೆ ತಿದ್ದೋಣ, ಅಮಾವಾಸ್ಯೆಯ ದೋಷ ನನಗಿರಲಿ, ನನ್ನ ಒಂದು ಕಾಲು ಹೇಗೂ ಹೋಗಿದೆ ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಇಷ್ಟು ದಿನ ಗಂಟು ಹಾಕಿದ್ದ ವಸ್ತಾದರ ಹುಬ್ಬು ಸಡಿಲಾಯಿತು. ನಡೀರಿ, ಹಂಗ ಮಾಡ್ರಿ ಎಂದುಬಿಟ್ಟರು. ಎಲ್ಲರೂ ನನ್ನ ಬುದ್ಧಿಗೆ ತಲೆದೂಗಿದರು. ಇಸಾಕನ ಒಪ್ಪಿಗೆಯೊಂದು ಬೇಕಿತ್ತು.

ಅವನು ಕೂತಲ್ಲಿಂದ ಎದ್ದ.

"ಧರೆಪ್ಪಣ್ಣಾ, ನಿನ್ನ ಕೈಯಿಂದ ನಾ ಏನೂ ತಗೊಂಡಿಲ್ಲ. ತಗೊಂಡಿಲ್ಲದ್ದು ತಗೊಂಡೇನಿ ಅಂತ ಒಪ್ಪಿದ್ರ, ಅವತ್ತಿನಿಂದ ನಾ ಖರೇನ ಸುಳ್ಳು ಛಾಪಿಸೂ ಮನಶ್ಯಾ ಆಗ್ತೇನಿ. ತಗದ್ರ ತಗೀರಿ ನನ್ನ ಹೆಸರು. ಹಿಂಗ ತೊಳೀಬ್ಯಾಡ್ರಿ."

ಯಾರೂ ನಗಲಿಲ್ಲ. ನಿಷತ ಲ್ಯಾಪ್‌ಟಾಪನ್ನು ವಸ್ತಾದರ ಮುಂದೆ ಇಟ್ಟಳು.

"ವಸ್ತಾದ್ರ, ನೀವು ಕೊಟ್ಟಿದ್ದು ಯಾವತ್ರಿ?"

ವಸ್ತಾದರು ನನ್ನ ಕಡೆ ನೋಡಿದರು. ಸಭೆಯೂ ನನ್ನ ಕಡೆ ನೋಡಿತು. ಇಂಥ ಬಿಗಿ ಹೊತ್ತಿನಲ್ಲಿ ಒಂದು ಮಾತು ಹಾರಿಸಿ ಎಲ್ಲರನ್ನೂ ಬಿಡಿಸುವವನು ನಾನು, ಅದು ಅವರಿಗೆ ಗೊತ್ತು. ಮಾತೂ ಸಿದ್ಧವಿತ್ತು, ಒಳ್ಳೆಯ ಮಾತು, ಇಡೀ ತಾಲೀಮು ಉರುಳಾಡುತ್ತಿತ್ತು. ಪ್ರವಾಸದಿಂದ ಬಾಯಿ ಒಣಗಿತ್ತು, ಹೀಗಾಗಿ ಹೇಳಲಿಲ್ಲ. ಕೆಳಗೆ ಮಣ್ಣು ನೋಡುತ್ತ ಕೂತೆ. ಹೊರಗೆ ಯಾರೋ ಮೋಟರ್‌ಸೈಕಲ್ ಒದೆಯುತ್ತಿದ್ದರು, ಅದೂ ಚಾಲೂ ಆಗಲಿಲ್ಲ.

"ಅಮಾಸಿ ದಿನ" ಎಂದರು ವಸ್ತಾದರು.

ತಾವೇ ಬೆರಳು ಇಟ್ಟು ತಿದ್ದಿದರು. ಕೆಂಪು ಹೋಯಿತು. ಇಸಾಕ ಚಪ್ಪಲಿ ಮೆಟ್ಟಿ ಹೊರಟುಹೋದ. ಚಹಾ ಬಂದದ್ದು ಆಮೇಲೆ. ಒಬ್ಬಿಬ್ಬರು ಅವನನ್ನು ಕರೆಯಲು ಎದ್ದರು, ಬಾಗಿಲ ತನಕ ಹೋಗಿ ನಿಂತರು.

ಸಾಫ್ಟ್‌ವೇರನ್ನು ಬಳಗ ಒಪ್ಪಿತು. ಕೈಪಿಡಿ ಇನ್ನೊಮ್ಮೆ ಸರಿ ಮಾಡಿ ಕೊಡಲು ಹೇಳಿದರು. ಹೊರಳಿ ಬಂದ ಮೇಲೆ ಮತ್ತೆ ಮಾಳಿಗೆ. ಶಾಲು ವೈನಿಗೆ ಕೊಟ್ಟೆ, ಈ ಖೋಲಿಯಲ್ಲಿ ಸೆಕೆ.

ಫೆಬ್ರುವರಿ ೧೧, ಬುಧವಾರ

ಪ್ಲಾಸ್ಟರ್ ಕೊಯ್ದರು. ಕಾಲು ಯಾರದೋ ಕಾಲಿನಂತೆ ಬಡಕಾಗಿದೆ. ಪಾವಟಿಗೆ ನಾನೇ ಇಳಿದೆ, ಗೋಡೆ ಹಿಡಿದು. ಸಾಲೋಟಗಿಗೆ ಒಯ್ಯಲು ಟೆಂಪೊ ಬಂದು ನಿಂತಿತ್ತು. ವೈನಿ ರೊಟ್ಟಿ ಕಟ್ಟಿ ಕೊಟ್ಟಳು, ಇನ್ನು ಮನೆಯಲ್ಲಿ ಸಪ್ಪಳ ಇರುವುದಿಲ್ಲ ಎಂದಳು.

ಕೈಪಿಡಿಯ ಹೊಸ ಪ್ರತಿ ಮುಗಿದು ಎರಡು ದಿನವಾಗಿತ್ತು. ಬಳಗಕ್ಕೆ ಹಾಕುವ ಮೊದಲು ಮುದ್ದೇಬಿಹಾಳಕ್ಕೆ, ಇಸಾಕನಿಗೆ ಕಳಿಸಿದ್ದೆ. ಯಾಕೆಂದು ನಿಷತ ಕೇಳಿದಳು. ಕಾಗದ ಅಕ್ಷರ ಕಂಡವನು, ತಪ್ಪಿದ್ದರೆ ಹೇಳುತ್ತಾನೆ ಎಂದೆ. ಓದಿದ ಗುರುತು ಬಂದಿತ್ತು, ಉತ್ತರ ಬಂದಿರಲಿಲ್ಲ. ಟೆಂಪೊದ ಮೆಟ್ಟಿಲಿಗೆ ಕಾಲಿಡುವಾಗ ಬಂತು.

'ಎರಡನೇ ಪುಟದಾಗ, ಎಲ್ಲರಿಗೂ ಗೊತ್ತಿರುವಂತೆ ಅಮಾವಾಸ್ಯೆಯ ದಿನ ಕೆಲವರು ಕೊಡುವುದಿಲ್ಲ ಅಂತ ಬರದಿ. ನನಗ ಗೊತ್ತಿರಲಿಲ್ಲ.'

ಇಷ್ಟೇ. ಸಲಾಮಿಲ್ಲ, ನಮಸ್ಕಾರವಿಲ್ಲ.

ಒಳಗೆ ಬಂದು ಪಡಸಾಲೆಯಲ್ಲಿ ಕೂತು ಎರಡನೇ ಪುಟ ತೆಗೆದೆ. 'ಎಲ್ಲರಿಗೂ ಗೊತ್ತಿರುವಂತೆ' ಎಂಬುದನ್ನು ಹೊಡೆದು ಹಾಕಿದೆ. ಹಾಕಿದ ಮೇಲೆ ಮೂರನೇ ಪುಟದಲ್ಲೂ ಕಂಡಿತು, ಮುನ್ನುಡಿಯಲ್ಲೂ ಇತ್ತು. ಮೊದಲಿನಿಂದ ಬರೆಯಬೇಕು. ಟೆಂಪೊದವನಿಗೆ ನಾಳೆ ಬಾ ಎಂದು ಹೇಳಿ ಕಳಿಸಿದೆ.